ಬಸಲಿಂಗವ್ವನ ಬಾಯಿ, ಹಾಲವ್ವನ ರೊಟ್ಟಿ

ಬದನೆಕಾಯಿಯ ಎಣಗಾಯಿಯಲ್ಲಿ ಖಾರ ಕಡಿಮೆಯಾಗಿದೆ ಎಂಬುದನ್ನು ಮೊದಲು ಪತ್ತೆ ಹಚ್ಚಿದವನು ಈರಣ್ಣ. ಅದು ೧೯೭೧ರ ಬೇಸಿಗೆ. ಒಂದು ತುತ್ತು ತಿಂದ, ಇನ್ನೊಂದು ತಿಂದು ಖಾತ್ರಿ ಮಾಡಿಕೊಂಡ, ಆಮೇಲೆ ಅಡುಗೆ ಕೋಣೆಯ ಕಡೆ ಕತ್ತು ಚಾಚಿ ಕೇಳಿದ:

“ಅಕ್ಕಾರ, ಮೆಣಸಿನಕಾಯಿ ಊರಿಗೆ ಹೋಗ್ಯಾವೇನ್ರಿ?”

“ಹೂಂ, ನಿನಗ ಹೆಣ್ಣ ನೋಡಾಕ ಹೋಗ್ಯಾವ. ಬರೂತನಕ ಸುಮ್ನ ಉಣ್ಣು,” ಎಂದಳು ಒಳಗಿನಿಂದ ಬಸಲಿಂಗವ್ವ.

ಘಾಟ್ಕೋಪರ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಚಾಳಿನಲ್ಲಿ, ನೆಲಮಟ್ಟದ ಎರಡು ಖೋಲಿಗಳಲ್ಲಿ ಅವಳ ಖಾನಾವಳಿ. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಪಂಕ್ತಿ. ವಿಜಾಪುರ, ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಗಿರಣಿಯಲ್ಲೋ, ಚೆಂಬೂರಿನ ರಿಫೈನರಿಯಲ್ಲೋ, ಅಂಚೆ ಕಚೇರಿಯಲ್ಲೋ ಕೆಲಸ ಹಿಡಿದ ಒಂಟಿ ಗಂಡಸರು ಅಲ್ಲಿ ಎರಡು ಹೊತ್ತು ಉಣ್ಣುತ್ತಿದ್ದರು. ಜೋಳದ ರೊಟ್ಟಿ, ಒಂದು ಪಲ್ಯ, ಒಂದು ಕಾಳು, ಶೇಂಗಾ ಹಿಂಡಿ, ಮಜ್ಜಿಗೆ. ಇದರ ಜೊತೆಗೆ ಕೇಳದಿದ್ದರೂ ಸಿಗುತ್ತಿದ್ದದ್ದು ಬೈಗುಳ. ತಟ್ಟೆಯಲ್ಲಿ ಬಿಟ್ಟವನಿಗೆ ಬೈಗುಳ, ತಡವಾಗಿ ಬಂದವನಿಗೆ ಬೈಗುಳ, ಊರಿನ ತಾಯಿಗೆ ಪತ್ರ ಬರೆಯದವನಿಗೆ ಇನ್ನೂ ಉದ್ದನೆಯ ಬೈಗುಳ. ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತಿದ್ದ ಈರಣ್ಣನಿಗೆ ಈ ಕೊನೆಯದು ಹೆಚ್ಚಾಗಿ ಬೀಳುತ್ತಿತ್ತು. ಊರವರ ಪತ್ರವನ್ನೆಲ್ಲ ಮುಟ್ಟುವವನು ತನ್ನದೊಂದನ್ನು ಬರೆಯಲಾರನೇ ಎಂಬುದು ಅವಳ ವಾದ.

ಅವಳ ಗಂಡ ಸಿದ್ದಲಿಂಗಪ್ಪ ರಿಫೈನರಿಯಲ್ಲಿ ಫಿಟ್ಟರ್. ಮಿತಭಾಷಿ ಎಂದು ಚಾಳಿನಲ್ಲಿ ಹೆಸರು. ಹೆಂಡತಿ ಉಸಿರು ತೆಗೆದುಕೊಳ್ಳಲು ನಿಲ್ಲಿಸುವ ಹೊತ್ತಿನಲ್ಲಿ ಮಾತ್ರ ಮಾತಾಡಬೇಕಾದ ಮನುಷ್ಯ ಬೇರೆ ಏನಾದಾನು ಎಂದು ಈರಣ್ಣ ಕೇಳುತ್ತಿದ್ದ.

ಆ ಉಸಿರಿನ ಬಿಡುವನ್ನೂ ತುಂಬಿದ್ದು ಅಡಿಕೆ. ಬಾಗೇವಾಡಿ ಕಡೆಯ ತವರಿನಿಂದ ಬಸಲಿಂಗವ್ವ ತಂದದ್ದು ಎರಡು: ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುವ ಕೈ, ಸೊಂಟಕ್ಕೆ ಸಿಕ್ಕಿಸಿದ ಚಂಚಿ. ಪದರ ಪದರದ ಆ ಬಟ್ಟೆಯ ಚೀಲದಲ್ಲಿ ಎಲೆ, ಸುಣ್ಣ, ಅಡಿಕೆ. ಬೆಳಗಿನ ಹಿಟ್ಟು ನಾದುವ ಮೊದಲು ಬಲಗೆನ್ನೆಯಲ್ಲಿ ಒಂದು ಹೋಳು ಇಟ್ಟರೆ ಅದು ಕರಗುವ ಹೊತ್ತಿಗೆ ಎಡಗೆನ್ನೆಗೆ ಇನ್ನೊಂದು. ಮುಂಬಯಿಗೆ ಬಂದ ಮೇಲೆ ಎಲೆ ತುಟ್ಟಿ ಎಂದು ಬಿಟ್ಟಳು. ಅಡಿಕೆ ಉಳಿಯಿತು. ಮಲಗುವಾಗಲೂ ಒಂದು ಹೋಳು ಕೆನ್ನೆಯಲ್ಲಿ ಇರುತ್ತಿತ್ತು. ಜೋಪಾನ ಮಾಡಿದ ಒಡವೆಯ ಹಾಗೆ.

ಎಣಗಾಯಿಯ ಖಾರಕ್ಕೂ ಇದಕ್ಕೂ ಸಂಬಂಧವಿತ್ತು, ಅವಳಿಗೆ ಗೊತ್ತಿರಲಿಲ್ಲ. ರುಚಿ ನೋಡಲು ಒಂದು ಹನಿ ಸಾರು ನಾಲಗೆಗೆ ಹಾಕಿದರೆ ಬಾಯೆಲ್ಲ ಉರಿ. ಖಾರ ಹೆಚ್ಚಾಯಿತೆಂದು ಮರುದಿನ ಕಡಿಮೆ ಹಾಕುವಳು. ಆಗಲೂ ಉರಿ. ಇನ್ನೂ ಕಡಿಮೆ ಹಾಕುವಳು. ಹೀಗೆ ಖಾನಾವಳಿಯ ಸಾರು ತಿಂಗಳಿಂದ ತಿಂಗಳಿಗೆ ಬಾಣಂತಿಯ ಪಥ್ಯವಾಗುತ್ತ ಬಂತು. ಉಣ್ಣುವವರು ಜೇಬಿನಲ್ಲಿ ಹಸಿಮೆಣಸಿನಕಾಯಿ ತರತೊಡಗಿದರು.

ಅಷ್ಟರಲ್ಲಿ ಬಾಯಿ ಚಿಕ್ಕದಾಗತೊಡಗಿತು. ಮೊದಲು ಆಕಳಿಕೆ ಅರ್ಧಕ್ಕೆ ನಿಂತಿತು. ನಾಲ್ಕು ಮಡಿಕೆಯ ರೊಟ್ಟಿಯನ್ನು ಪಲ್ಯ ಸಮೇತ ಬಾಯಿಗೆ ಇಡುತ್ತಿದ್ದವಳು ಎರಡು ಮಡಿಕೆಗೆ ಬಂದಳು, ಆಮೇಲೆ ಒಂದಕ್ಕೆ, ಕೊನೆಗೆ ರೊಟ್ಟಿಯನ್ನು ಹರಿದು ಚೂರು ಚೂರಾಗಿ ಹಲ್ಲಿನ ಸಂದಿಯಿಂದ ಒಳಗೆ ದೂಡುವ ಸ್ಥಿತಿಗೆ. ಎಲ್ಲರ ಊಟವಾದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅಂಬಲಿ ಕುಡಿಯುವಳು. ಬೈಗುಳ ಮಾತ್ರ ಮುಂದುವರಿದಿತ್ತು, ಆದರೆ ಹಲ್ಲು ಕಚ್ಚಿಕೊಂಡು ಬೈದಂತೆ ಕೇಳಿಸುತ್ತಿತ್ತು. ಈ ಸಲ ಅಕ್ಕನಿಗೆ ನಿಜವಾಗಿಯೂ ಸಿಟ್ಟು ಬಂದಿದೆ ಎಂದು ಹೊಸಬರು ಹೆದರುತ್ತಿದ್ದರು.

ಸಿದ್ದಲಿಂಗಪ್ಪ ಒಂದು ದಿನ ರಜೆ ಹಾಕಿ ಅವಳನ್ನು ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿದ್ದ ಕಿರಿಯ ಡಾಕ್ಟರ್ ವಿನೋದಿನಿ ಮಾಟುಂಗದಲ್ಲಿ ಬೆಳೆದ ಹುಡುಗಿ. ತಾಯಿ ಕಾರವಾರದವಳು, ಮನೆಮಾತು ಕೊಂಕಣಿ, ಕನ್ನಡ ಅರ್ಧಂಬರ್ಧ. ಬೆರಳು ಹಾಕಿ ಕೆನ್ನೆಯ ಒಳಭಾಗ ಮುಟ್ಟಿ ನೋಡಿದಳು. ಮೆತ್ತಗೆ ಇರಬೇಕಾದ ಜಾಗ ಬೆಳ್ಳಗಾಗಿ, ತೊಗಲಿನ ಪಟ್ಟಿ ಹೊಲಿದಂತೆ ಬಿಗಿದುಕೊಂಡಿತ್ತು.

ಈ ರೋಗ ಯಾತರಿಂದ ಎಂಬ ಬಗ್ಗೆ ಆಗ ಡಾಕ್ಟರುಗಳಲ್ಲೇ ಒಮ್ಮತವಿರಲಿಲ್ಲ. ಕೆಲವರು ಮೆಣಸಿನಕಾಯಿ ಎನ್ನುತ್ತಿದ್ದರು, ಕೆಲವರು ಅಡಿಕೆ ಎನ್ನುತ್ತಿದ್ದರು. ವಿನೋದಿನಿ ಪ್ರಾಮಾಣಿಕವಾಗಿ ಎರಡನ್ನೂ ಹೇಳಿದಳು. ಅದೇ ತಪ್ಪಾಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಹೇಳಿದ ಹಾಗೆ ಬಸಲಿಂಗವ್ವ ಅರ್ಥ ಮಾಡಿಕೊಂಡಳು.

“ಖಾರನ ಇರಬೇಕ್ರೀ,” ಎಂದಳು ಹೊರಗೆ ಬಂದು ಗಂಡನಿಗೆ. “ನಾ ಮದಲ ಅಂದಿದ್ದೆ.” ಎಂದವಳೇ ಚಂಚಿ ಬಿಚ್ಚಿ, ಇಷ್ಟು ಹೊತ್ತು ತಡೆದಿದ್ದ ಒಂದು ಹೋಳನ್ನು ಸಂದಿಯಿಂದ ಒಳಗೆ ಸರಿಸಿದಳು.

ಆ ದಿನದಿಂದ ಖಾನಾವಳಿಯಲ್ಲಿ ಮೆಣಸಿನಕಾಯಿ ಪೂರ್ತಿ ಬಂದ್. ಒಂದು ವರ್ಷ ಅಮಾಯಕ ಮೆಣಸಿನಕಾಯಿ ಶಿಕ್ಷೆ ಅನುಭವಿಸಿತು, ಅದರ ಜೊತೆಗೆ ಉಣ್ಣುವವರೂ. ಬಾಯಿ ಒಂದು ಬೆರಳಿನಷ್ಟಕ್ಕೆ ಇಳಿಯಿತು. ಮತ್ತೆ ಆಸ್ಪತ್ರೆಗೆ ಹೋದಾಗ ವಿನೋದಿನಿ ಎರಡು ಹೇಳಲಿಲ್ಲ.

“ಆಯಿ, ಸುಪಾರಿ ಇವತ್ತೇ ಬಂದ್. ಮತ್ತೆ ಆಪರೇಷನ್. ಇಲ್ಲದಿದ್ರೆ ಮುಂದಿನ ವರ್ಷ ನೀವು ನಳಿಗೆಯಲ್ಲಿ ಪೇಜ್ ಕುಡಿಯುವುದೇ, ಜಲ್ಮಪೂರ್ತಿ.”

ಜೋಳದ ನಾಡಿನ ಹೆಂಗಸಿಗೆ ಜನ್ಮಪೂರ್ತಿ ಗಂಜಿ ಎಂದರೆ ಅದಕ್ಕಿಂತ ದೊಡ್ಡ ಶಾಪ ಬೇಕಿಲ್ಲ. ಬಸಲಿಂಗವ್ವ ಚಂಚಿಯಲ್ಲಿದ್ದ ಅಡಿಕೆಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಗಂಡನ ಕೈಗೆ ಸುರಿದಳು. ಚಂಚಿ ಕೊಡಲಿಲ್ಲ.

ಆಪರೇಷನ್ ಹೇಗೆ ಎಂದು ವಿನೋದಿನಿ ವಿವರಿಸಿದಳು. ಕೆನ್ನೆಯ ಒಳಗಿನ ಗಟ್ಟಿ ಪಟ್ಟಿಗಳನ್ನು ಕತ್ತರಿಸಿ ಬಾಯಿ ಅಗಲಿಸುವುದು. ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ ಮತ್ತೆ ಕೂಡಿಕೊಂಡು ಬಿಗಿಯುತ್ತದೆ. ಆದ್ದರಿಂದ ಮೈಯ ಬೇರೆ ಕಡೆಯಿಂದ ಈರುಳ್ಳಿಯ ಪೊರೆಯಂತೆ ತೆಳ್ಳಗೆ ಚರ್ಮ ಹೆರೆದು ತೆಗೆದು, ಅದನ್ನು ಅಲ್ಲಿ ಹೊಲಿಯುವುದು.

“ಎಲ್ಲೀದು ತಗೀತೀರಿ?”

“ಕೈದು ತಗೋಬಹುದು. ಇಲ್ಲಾ ತೊಡೆದು.”

ಬಸಲಿಂಗವ್ವ ತನ್ನ ಎಡಗೈ ತಿರುಗಿಸಿ ನೋಡಿಕೊಂಡಳು. ಮದುವೆಯಾದ ಹೊಸತರಲ್ಲಿ ಪಂಢರಪುರಕ್ಕೆ ಹೋದಾಗ ಮೊಣಕೈಯಿಂದ ಮುಂಗೈವರೆಗೆ ಹಚ್ಚೆ ಹಾಕಿಸಿಕೊಂಡಿದ್ದಳು. ಸಾಲಾಗಿ ಹೂವು, ನಡುವೆ ಗಂಡನ ಹೆಸರು. ಗಂಡನ ಹೆಸರನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಕರೆಯಬೇಕಾದರೆ ‘ಇಲ್ಲಿ ನೋಡ್ರಿ’ ಎಂದೇ ಕರೆದವಳು.

“ಕೈ ಬ್ಯಾಡ್ರಿ,” ಎಂದಳು ಖಂಡಿತವಾಗಿ. “ಅವರ ಹೆಸರ ಬಾಯಾಗ ಇಟಗೊಂಡ ಕುಂದರಲೇನ ನಾ?”

ವಿನೋದಿನಿಗೆ ಅರ್ಥವಾಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಸಿದ್ದಲಿಂಗಪ್ಪನಿಗೆ ಅರ್ಥವಾಗಿ, ಕೆಮ್ಮು ಬಂದವನಂತೆ ಹೊರಗೆ ಹೋದ. ಚರ್ಮ ತೊಡೆಯದೇ ಎಂದು ತೀರ್ಮಾನವಾಯಿತು.

ಆಪರೇಷನ್ ದೊಡ್ಡ ಡಾಕ್ಟರ್ ಮಾಡಿದರು, ವಿನೋದಿನಿ ಜೊತೆಗೆ ನಿಂತಳು. ಎಚ್ಚರವಾದಾಗ ಬಸಲಿಂಗವ್ವನ ಬಾಯಿ ಅಗಲವಾಗಿ ತೆರೆದೇ ಇತ್ತು. ಮುಚ್ಚದ ಹಾಗೆ ಹಲ್ಲುಗಳ ನಡುವೆ ಆನಿಕೆ, ಹೊಸ ಚರ್ಮ ಅಂಟಿಕೊಳ್ಳಲೆಂದು ಕೆನ್ನೆಯೊಳಗೆ ಬಟ್ಟೆಯ ಒತ್ತು, ಊಟಕ್ಕೆ ಮೂಗಿನಲ್ಲಿ ನಳಿಗೆ. ಮಾತು ಅಸಾಧ್ಯ. ಸಿದ್ದಲಿಂಗಪ್ಪ ದಿನಾ ಶಿಫ್ಟ್ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತು ಮಾತಾಡಿದ. ರಿಫೈನರಿಯ ಕ್ಯಾಂಟೀನ್ ಚಹಾ, ಹೊಸ ಫೋರ್‌ಮನ್, ಅಣ್ಣನ ಜೊತೆಗಿನ ಹಳೇ ಜಗಳ, ಚಿಕ್ಕವನಿದ್ದಾಗ ಡೋಣಿ ಹೊಳೆಯಲ್ಲಿ ಎಮ್ಮೆ ಕಳೆದುಕೊಂಡದ್ದು. ಮದುವೆಯಾದ ಮೇಲೆ ಅವನು ಒಂದು ವಾಕ್ಯವನ್ನು ಶುರು ಮಾಡಿ ತಾನೇ ಮುಗಿಸಿದ್ದು ಅದೇ ಮೊದಲು. “ಎಮ್ಮಿ ಕತಿ ಎರಡ ಸಲ ಹೇಳಿದರು,” ಎಂದು ಬಸಲಿಂಗವ್ವ ಆಮೇಲೆ ದೂರಿದಳು. “ತಡೀಬೇಕಂದ್ರ ಬಾಯಿ ಇಲ್ಲ.”

ಈ ನಡುವೆ ಖಾನಾವಳಿ ಮುಚ್ಚಿತ್ತು. ಉಣ್ಣುವವರು ಮಾಟುಂಗದ ಉಡುಪಿ ಹೋಟೆಲುಗಳಿಗೆ ಲೋಕಲ್ ಹಿಡಿದರು. ಸಾಂಬಾರಿನಲ್ಲಿ ಬೆಲ್ಲ ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ವಾಪಸು ಬಂದ ದಿನ ಎಲ್ಲರೂ ನೋಡಲು ಬಂದರು. ಎರಡು ಬೆರಳಿಗಿಂತ ಹೆಚ್ಚು ಬಾಯಿ ತೆರೆಯುತ್ತಿತ್ತು. ಎರಡು ಮಡಿಕೆಯ ರೊಟ್ಟಿ ಹಾಲಿನಲ್ಲಿ ನೆನೆಸಿ ತಿಂದು ತೋರಿಸಿದಳು.

“ಅಕ್ಕಾರ,” ಎಂದ ಈರಣ್ಣ ಗಂಭೀರವಾಗಿ, “ಇನ್ನ ಬಾಗಿಲ ಮ್ಯಾಲಿನ ಬೋರ್ಡ ಅಳಸಬೇಕಲ್ರಿ.”

“ಯಾಕೋ?”

“ಶುದ್ಧ ಶಾಕಾಹಾರಿ ಅಂತ ಐತಿ. ನೀವು ನೋಡಿದ್ರ ಹೊತ್ತೇರಿ ಹೊತ್ತಮುಳಗೂತನಕ ತೊಡಿಮಾಂಸ ಬಾಯಾಗ ಇಟಗೊಂಡ ಅಡ್ಡಾಡ್ತೀರಿ.”

ಅವಳು ನಕ್ಕಳು. ನಗು ಕೆನ್ನೆಯ ಹೊಲಿಗೆಗೆ ತಾಗಿ, ನಗಿಸಿದ್ದಕ್ಕೂ ಸೇರಿಸಿ ಬೈದಳು.

ಬಿಡುಗಡೆ ಮಾಡುವಾಗ ವಿನೋದಿನಿ ಒಂದು ಕಟ್ಟು ಮರದ ಕಡ್ಡಿ ಕೊಟ್ಟಿದ್ದಳು. ಐಸ್‌ಕ್ರೀಮಿನ ಕಡ್ಡಿಯಂಥವೇ, ಕೊಂಚ ಅಗಲ. ಅವನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಸೇರಿಸಿ, ಬಾಯಿ ಅಗಲಿಸಿಕೊಂಡು ಕೂರಬೇಕು. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಅಭ್ಯಾಸವಾದಂತೆ ಒಂದೊಂದು ಕಡ್ಡಿ ಹೆಚ್ಚಿಸುತ್ತ ಹೋಗಬೇಕು. “ಆಪರೇಷನ್ ಅರ್ಧಾ ಮಾತ್ರ, ಆಯಿ. ಬಾಕಿ ಅರ್ಧಾ ಈ ಕಡ್ಡಿ.”

ಇಲ್ಲಿ ಬಂತು ತೊಡಕು, ಅದು ವೈದ್ಯಶಾಸ್ತ್ರಕ್ಕೆ ಗೊತ್ತಿರುವಂಥದ್ದಲ್ಲ. ಎಂಜಲು.

ಬಾಯಿಗೆ ಇಟ್ಟ ಕಡ್ಡಿ ಎಂಜಲು. ಅದನ್ನು ಮುಟ್ಟಿದ ಕೈ ಎಂಜಲು. ಕಡ್ಡಿ ಜಾರಿದರೆ ಸರಿಪಡಿಸಬೇಕು, ಸರಿಪಡಿಸಿದ ಕೈಯಿಂದ ಹಿಟ್ಟು ನಾದುವಂತಿಲ್ಲ. ಪ್ರತಿ ಸಲ ಕೈ ತೊಳೆಯುತ್ತ ಕೂತರೆ ಚಾಳಿನ ನಲ್ಲಿಯಲ್ಲಿ ಬರುವ ನೀರು ಅದಕ್ಕೇ ಸಾಲದು. ಅಲ್ಲದೆ ಒಮ್ಮೆ ಬಾಯಿಗೆ ಹೋದ ಮರದ ತುಂಡನ್ನು ತೊಳೆದು ಎತ್ತಿಟ್ಟು ಮತ್ತೆ ಮತ್ತೆ ಬಾಯಿಗೆ ಇಡುವುದನ್ನು ಅವಳ ವಂಶದಲ್ಲಿ ಯಾರೂ ಮಾಡಿರಲಿಲ್ಲ. ಬಸಲಿಂಗವ್ವ ಕಡ್ಡಿಗಳನ್ನು ದೇವರ ಗೂಡಿನಿಂದ ದೂರ, ಕಿಟಕಿಯ ಮೇಲೆ ಇಟ್ಟಳು. ತನ್ನದೇ ದಾರಿ ಕಂಡುಕೊಂಡಳು.

ಅವಳ ಖಡಕ್ ರೊಟ್ಟಿ ಹಪ್ಪಳದಂತೆ ಗಟ್ಟಿ. ಅದನ್ನು ಕಡ್ಡಿಯ ಅಗಲಕ್ಕೆ ಮುರಿದು, ತುಂಡಿನ ಮೇಲೆ ತುಂಡು ಪೇರಿಸಿ ಹಲ್ಲಿನ ನಡುವೆ ಇಟ್ಟುಕೊಂಡಳು. ರೊಟ್ಟಿ ಹೊರಗೆ ತೆಗೆಯಬೇಕಾಗಿಲ್ಲ. ಹೊತ್ತಾದ ಮೇಲೆ ನುಂಗಿದರಾಯಿತು. ಎಂಜಲಿಲ್ಲ, ಕೈಯೂ ಬಿಡುವು. ಬಾಯಿಯ ಸಾಧನೆಯೂ ಆಯಿತು, ಫಳಾರವೂ ಆಯಿತು. ಮೊದಲು ಆರು ತುಂಡು ಹಿಡಿಯುತ್ತಿದ್ದವು. ಕೆಲವು ವಾರಗಳಲ್ಲಿ ಹತ್ತಕ್ಕೆ ಏರಿದಳು. ಈರಣ್ಣ ಭೇಷ್ ಎಂದ.

ತಪಾಸಣೆಗೆ ಹೋದಾಗ ವಿನೋದಿನಿ ಪಟ್ಟಿ ಹಿಡಿದು ಅಳೆದಳು. ಮತ್ತೊಮ್ಮೆ ಅಳೆದಳು. ಬಾಯಿ ಆಸ್ಪತ್ರೆ ಬಿಟ್ಟಾಗ ಇದ್ದದ್ದಕ್ಕಿಂತ ಚಿಕ್ಕದಾಗಿತ್ತು.

“ಕಡ್ಡಿ ಇಡ್ತೀರೋ ಇಲ್ವೋ, ಆಯಿ?”

“ದಿನಾ ಇಡ್ತೇನ್ರಿ. ಹತ್ತಕ್ಕ ಬಂದೇನಿ,” ಎಂದು ಬಸಲಿಂಗವ್ವ ಹೆಮ್ಮೆಯಿಂದ ಚಂಚಿ ಬಿಚ್ಚಿ, ಹಿಂದೆ ಅಡಿಕೆ ಇರುತ್ತಿದ್ದ ಪದರದಲ್ಲಿ ಇಟ್ಟಿದ್ದ ರೊಟ್ಟಿ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ವಿನೋದಿನಿ ಒಂದು ತುಂಡನ್ನು ಎತ್ತಿ, ತನ್ನ ಮುಂದಿದ್ದ ನೀರಿನ ಲೋಟದಲ್ಲಿ ಅದ್ದಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ಒದ್ದೆ ಬಟ್ಟೆಯಂತೆ ಬಾಗಿತು. ಮೊದಲು ಅವಳಿಗೆ ನಗು ಬಂತು. ಆಮೇಲೆ ನಗು ನಿಂತಿತು.

“ಇದು ನಿಮ್ಮ ಹಲ್ಲಿಗೆ ಸೋಲ್ತದೆ, ಆಯಿ. ಸೋಲದೇ ಇರುವ ವಸ್ತು ಬೇಕು. ಹೊಸ ಚರ್ಮ ಎಳೆದು ಹಿಡಿದ್ರೆ ಉಳೀತದೆ, ಬಿಟ್ರೆ ಮುದುಡ್ತದೆ. ಪೂರಾ ಮುದುಡಿದ್ರೆ ಇನ್ನೊಂದು ಸಲ ಕತ್ತರಿಸಲಿಕ್ಕೆ ದೊಡ್ಡ ಡಾಕ್ಟರ್ ಒಪ್ಪೂದಿಲ್ಲ. ಗಾಯದ ಮೇಲೆ ಗಾಯ, ಇನ್ನೂ ಬಿಗೀತದೆ. ಮತ್ತೆ ಪೇಜೇ ಗತಿ.”

ಮನೆಗೆ ಬಂದ ಬಸಲಿಂಗವ್ವ ಯಾರಿಗೂ ಹೇಳದೆ ಎರಡು ಮಡಿಕೆಯ ರೊಟ್ಟಿ ಬಾಯಿಗೆ ಇಟ್ಟು ನೋಡಿದಳು. ಹೋಗಲಿಲ್ಲ.

ಸಂಜೆಯ ಪಂಕ್ತಿಯಲ್ಲಿ ವಿಷಯ ಚರ್ಚೆಗೆ ಬಂತು.

“ಅಕ್ಕಾರ, ನಾವು ಲಿಂಗಾಯತರು. ನಮಗ ಎಂಜಲ ಸೂತಕ ಇಲ್ಲಂತ ಹಿರಿಯಾರು ಹೇಳ್ಯಾರ,” ಎಂದ ಈರಣ್ಣ.

“ಅದು ಮಠದಾಗ. ಇದು ಖಾನಾವಳಿ. ಹತ್ತ ಮಂದಿ ಉಣ್ಣೂ ಜಾಗಾ.”

“ಮತ್ತ ಇಪ್ಪತ್ತ ವರ್ಷ ಗಲ್ಲದಾಗ ಅಡಿಕಿ ಇಟಗೊಂಡ ರೊಟ್ಟಿ ಬಡದ್ರಿ. ಅದು ಎಂಜಲ ಅಲ್ಲೇನು?”

“ಲೇ ಈರ್ಯಾ, ಅಡಿಕಿ ಒಳಗ ಹೋತಂದ್ರ ಹೊಳ್ಳಿ ಹೊರಗ ಬರೂದಿಲ್ಲ. ಕಟಗಿ ಬರತೈತಿ. ಅಷ್ಟೂ ತಿಳಿಯೂದಿಲ್ಲ, ಸರಕಾರಿ ನೌಕರಿ ಮಾಡ್ತಿ!”

ಎಲ್ಲರೂ ರೊಟ್ಟಿ ಮುರಿದರು. ಆಗ ಮೂಲೆಯಲ್ಲಿ ಕೂತಿದ್ದ ಸಿದ್ದಲಿಂಗಪ್ಪ ತಲೆ ಎತ್ತದೆ ಹೇಳಿದ:

“ರೊಟ್ಟಿ ಹಾಲವ್ವ ಬಡೀಲಿ.”

ಹಾಲವ್ವ ಪಕ್ಕದ ಚಾಳಿನವಳು. ಖಾನಾವಳಿಯಲ್ಲಿ ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು ಅವಳ ಕೆಲಸ. ಗುಲ್ಬರ್ಗಾ ಜಿಲ್ಲೆಯ ಆಳಂದ ಕಡೆಯವಳು. ಆ ಕಡೆಯವರ ರೊಟ್ಟಿ ದಪ್ಪ ಎಂಬುದು ಬಸಲಿಂಗವ್ವನ ಅಚಲ ನಂಬಿಕೆ. ಇಷ್ಟು ವರ್ಷ ಒಂದು ದಿನವೂ ಅವಳನ್ನು ಹಂಚಿನ ಹತ್ತಿರ ಬಿಟ್ಟಿರಲಿಲ್ಲ. ಈಗ ಹಾಲವ್ವ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಕೈ ನಿಲ್ಲಿಸಿ ಕೂತಳು. ಬಸಲಿಂಗವ್ವ ಗಂಡನ ಕಡೆ ನೋಡಿದಳು, ಹಾಲವ್ವನ ಕೈಗಳ ಕಡೆ ನೋಡಿದಳು, ಕಿಟಕಿಯ ಮೇಲಿದ್ದ ಕಡ್ಡಿಯ ಕಟ್ಟಿನ ಕಡೆ ನೋಡಿದಳು.

“ಕೈ ತೊಳಕೊಂಡ ಬಾ,” ಎಂದಳು.

ಮರುದಿನದಿಂದ ಘಾಟ್ಕೋಪರಿನ ಆ ಖೋಲಿಯಲ್ಲಿ ಹಿಂದೆಂದೂ ಕಾಣದ ನೋಟ. ಹಂಚಿನ ಮುಂದೆ ಹಾಲವ್ವ. ಬಾಗಿಲ ಬಳಿ ಮಣೆ ಹಾಕಿಕೊಂಡು, ಎಂಜಲಾದ ಬಲಗೈಯನ್ನು ಯಾವುದಕ್ಕೂ ತಾಗದಂತೆ ದೂರ ಹಿಡಿದು, ಬಾಯಲ್ಲಿ ಕಡ್ಡಿಗಳ ಆನಿಕೆ ಇಟ್ಟುಕೊಂಡು ಬಸಲಿಂಗವ್ವ. ವರ್ಷಗಳ ಮೇಲೆ ಅವಳ ಬಾಯಿ ಅಷ್ಟು ಅಗಲ ತೆರೆದಿತ್ತು, ಅದರಿಂದ ಒಂದು ಅಕ್ಷರ ಹೊರಡುವಂತಿರಲಿಲ್ಲ. ಕಣ್ಣ ಮುಂದೆ ದಪ್ಪ ರೊಟ್ಟಿ ಹಂಚಿಗೆ ಬೀಳುತ್ತಿದೆ. ನೋವಿಗೋ ರೊಟ್ಟಿಗೋ ಕಣ್ಣಲ್ಲಿ ನೀರು. ಎರಡು ದಿನ ತಡೆದಳು. ಮೂರನೆಯ ದಿನ ಎಡಗೈಗೆ ಸೌಟು ತೆಗೆದುಕೊಂಡು ಪಕ್ಕದ ಡಬ್ಬಿಗೆ ಬಡಿದಳು. ಒಂದು ಏಟು: ದಪ್ಪ. ಎರಡು ಏಟು: ಮಗುಚು. ಏಟಿನ ಸುರಿಮಳೆ: ಹೊತ್ತಿತು.

ಹಾಲವ್ವ ಏಟಿಗೆ ಹೊಂದಿಕೊಂಡಳು. ರೊಟ್ಟಿ ತೆಳ್ಳಗಾಯಿತು, ಪೂರ್ತಿ ಅಲ್ಲ. ಆ ಕೊಂಚ ದಪ್ಪದಲ್ಲೇ ಪಲ್ಯ ಚೆನ್ನಾಗಿ ನಿಲ್ಲುತ್ತದೆ ಎಂದು ಉಣ್ಣುವವರು ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರು. ರುಚಿ ನೋಡುವ ಕೆಲಸವೂ ಹಾಲವ್ವನಿಗೇ ಹೋದ್ದರಿಂದ, ದೇಶಾಂತರ ಹೋಗಿದ್ದ ಮೆಣಸಿನಕಾಯಿ ಸದ್ದಿಲ್ಲದೆ ಎಣಗಾಯಿಗೆ ವಾಪಸಾಗಿತ್ತು.

ಕಡ್ಡಿಯ ಹೊತ್ತು ದೂರಿನ ಹೊತ್ತಾಯಿತು. ಅಕ್ಕನ ಬಾಯಲ್ಲಿ ಕಡ್ಡಿ ಇರುವವರೆಗೆ ಏನನ್ನಾದರೂ ಹೇಳಬಹುದು ಎಂಬುದನ್ನು ಪಂಕ್ತಿ ಬೇಗ ಕಲಿತುಕೊಂಡಿತು. ಮಜ್ಜಿಗೆ ನೀರಾಗಿದೆ. ತೊಗರಿಯಲ್ಲಿ ಕಲ್ಲಿತ್ತು. ದೀಪಾವಳಿಗೆ ಹೋಳಿಗೆ ಎರಡೇ ಸಿಕ್ಕವು. ವರ್ಷಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಬ್ಬೊಬ್ಬರೇ ನಿವೇದಿಸಿ, ತಟ್ಟೆ ತೊಳೆದಿಟ್ಟು, ಕಡ್ಡಿ ಹೊರಬರುವ ಮೊದಲು ರಸ್ತೆ ಹಿಡಿಯುತ್ತಿದ್ದರು. ಬಸಲಿಂಗವ್ವ ಎಲ್ಲರನ್ನೂ ನೋಡಿಟ್ಟುಕೊಂಡಳು. ಕಡ್ಡಿ ಒಂದೊಂದೇ ಏರುತ್ತಿತ್ತು. ನಡುವೆ ಒಂದು ತಿಂಗಳು ಏರದೆ ನಿಂತಿತ್ತು. ಆಗ ಅವಳ ಕೈ ಅರಿವಿಲ್ಲದೆ ಚಂಚಿಗೆ ಹೋಗುತ್ತಿತ್ತು, ಅಲ್ಲಿ ಸಿಗುತ್ತಿದ್ದದ್ದು ಅಡಿಕೆಯ ಬದಲು ತುಂಬಿಟ್ಟಿದ್ದ ಬಡೇಸೋಪು.

೧೯೭೪ರ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಸಂಜೆ ಈರಣ್ಣ ಧೈರ್ಯ ಮಾಡಿ ಹೇಳಿದ:

“ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಖರೇ ಹೇಳಬೇಕಂದ್ರ ನಿಮ್ಮ ರೊಟ್ಟಿಗಿಂತ ಹಾಲವ್ವನ ರೊಟ್ಟಿ ಛಲೋ ಅದಾವ.”

ಹೇಳಿ ತಟ್ಟೆ ಎತ್ತಿ ಏಳಬೇಕು, ಅಷ್ಟರಲ್ಲಿ ಲೆಕ್ಕ ತಪ್ಪಿದ್ದು ಗೊತ್ತಾಯಿತು. ಬಸಲಿಂಗವ್ವ ಕಡ್ಡಿಗಳನ್ನು ಆಗಲೇ ತೆಗೆದು, ತೊಳೆದು, ಚಂಚಿಯ ಪದರದಲ್ಲಿ ಇಡುತ್ತಿದ್ದಳು. ಚಂಚಿ ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಆಮೇಲೆ ಹೊರಟದ್ದು ಒಂದೂವರೆ ವರ್ಷದಿಂದ ಕೂಡಿಟ್ಟದ್ದು. ಈರಣ್ಣನ ತಾಯಿಗೆ ಬರದ ಪತ್ರದಿಂದ ಶುರುವಾಗಿ, ಮಜ್ಜಿಗೆ, ತೊಗರಿ, ಹೋಳಿಗೆ, ಯಾರು ಯಾವ ದಿನ ಏನು ಹೇಳಿದ್ದರು ಎಂಬುದನ್ನೆಲ್ಲ ಒಂದೂ ಬಿಡದೆ ಮುಟ್ಟಿ, ಆಳಂದದ ಹೊಲಗಳವರೆಗೆ ಹೋಯಿತು. ಪಕ್ಕದ ಖೋಲಿಯವರು ಬಾಗಿಲಿಗೆ ಬಂದರು. ಹಾಲವ್ವ ಸೌಟಿನಿಂದ ಮೆಲ್ಲಗೆ ಡಬ್ಬಿಗೆ ಒಂದು ಏಟು ಹಾಕಿದಳು. ಸಿದ್ದಲಿಂಗಪ್ಪ ಮೂಲೆಯಲ್ಲಿ ಕಾಳು ಕಲಸುತ್ತ, ಹಳೆಯ ಮಳೆ ಮತ್ತೆ ಶುರುವಾದದ್ದನ್ನು ಕೇಳುವವನಂತೆ ಕೂತಿದ್ದ.

ಈರಣ್ಣ ತಟ್ಟೆ ಹಿಡಿದುಕೊಂಡೇ ಕತ್ತು ಬಗ್ಗಿಸಿ ಅವಳ ಬಾಯೊಳಗೆ ನೋಡುತ್ತಿದ್ದ. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹೇಳಿದ:

“ಅಕ್ಕಾರ, ಹಿಂದಿನ ದವಡಿ ಹಲ್ಲ ಕಂಡ್ವುರಿ. ಮೂರ ವರ್ಷ ಆಗಿತ್ತು ನೋಡಿ.”

ಬಸಲಿಂಗವ್ವ ಬಾಯಿ ಮುಚ್ಚಿದಳು. ಮತ್ತೆ ತೆರೆದಳು. ಹಾಲವ್ವನ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ನಾಲ್ಕು ಮಡಿಕೆ ಮಡಿಚಿ, ಎಣಗಾಯಿ ತುಂಬಿ, ಎಲ್ಲರೂ ನೋಡುತ್ತಿರುವಾಗಲೇ ಬಾಯಿಗೆ ಇಟ್ಟಳು. ಹೋಯಿತು. ಬಹಳ ಹೊತ್ತು ಅಗಿದಳು. ಖಾರಕ್ಕೆ ಮೂಗಿನ ತುದಿ ಕೆಂಪಾಯಿತು.

“ದಪ್ಪ,” ಎಂದಳು ಕೊನೆಗೆ, ಇನ್ನೊಂದಕ್ಕೆ ಕೈ ಹಾಕುತ್ತ.